ಜೈಲು ಸಿಬ್ಬಂದಿಯ ವರ್ಗಾವಣೆ ಮತ್ತು ಓಓಡಿ: ಆದೇಶದ ಹಾಳೆಯಿಂದ ಕೀಲಿ ಗೊಂಚಲಿನವರೆಗೆ

ಮೇ ತಿಂಗಳ ಕೊನೆಯ ವಾರ. ಕಲಬುರಗಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿದೆ. ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಕಾಲ. ಒಂದು ಗಂಟೆಗೆ ಮೇಲ್ ಬರುತ್ತದೆ. ನಾಲ್ವರು ವೀಕ್ಷಕರ (ಜೈಲಿನ ಕಾವಲು ಸಿಬ್ಬಂದಿಯ) ವರ್ಗಾವಣೆ, ತಕ್ಷಣದಿಂದ ಜಾರಿಗೆ ಬರುವಂತೆ. ಹೋಗುವವರು ನಾಲ್ಕು ಜನ, ಬರುವವರು ಇಬ್ಬರು. ನೀವು ಪ್ರಿಂಟ್ ತೆಗೆಯುವ ಮೊದಲೇ ಹೋಗಬೇಕಾದವರು ಮೇಜಿನ ಮುಂದೆ ನಿಂತಿರುತ್ತಾರೆ. ಆದೇಶ ಅವರ ಫೋನಿಗೆ ನಿಮಗಿಂತ ಮುಂಚೆಯೇ ಬಂದಿರುತ್ತದೆ.

"ಸರ್, ಇವತ್ತೇ ಬಿಟ್ಬಿಡ್ರಿ. ನಾಳೆ ಅಮಾಸಿ ಅದ."

ಈ ಭಾಗದ ಜೈಲುಗಳಲ್ಲಿ ಸಿಬ್ಬಂದಿ ಶಾಖೆ ನೋಡಿಕೊಂಡೇ ನನ್ನ ಸರ್ವಿಸ್ ಮುಗಿಯಿತು. ಬೇರೆ ಕಚೇರಿಯಲ್ಲಿ ಒಬ್ಬ ಗುಮಾಸ್ತ ವರ್ಗವಾಗಿ ಹೋದರೆ ಫೈಲು ನಾಲ್ಕು ದಿನ ನಿಲ್ಲುತ್ತದೆ. ಜೈಲಿನಲ್ಲಿ ಒಬ್ಬ ವೀಕ್ಷಕ ಹೋದರೆ ಆ ರಾತ್ರಿ ಒಂದು ಗೋಪುರ ಖಾಲಿ ಇರುತ್ತದೆ, ಇಲ್ಲವೇ ಇನ್ನೊಬ್ಬನು 16 ತಾಸು ನಿಲ್ಲುತ್ತಾನೆ. ಅದಕ್ಕೇ ಇಲ್ಲಿನ ವರ್ಗಾವಣೆಯನ್ನು ಆದೇಶದ ಕಡೆಯಿಂದ ನೋಡಬಾರದು, ರಾತ್ರಿ ಪಾಳಿಯ ಕಡೆಯಿಂದ ನೋಡಬೇಕು. ಕಲಬುರಗಿಯ ಕೇಂದ್ರ ಕಾರಾಗೃಹಕ್ಕೋ, ಬೀದರ್ ಅಥವಾ ಯಾದಗಿರಿಯ ಜಿಲ್ಲಾ ಕಾರಾಗೃಹಕ್ಕೋ ಹೊಸದಾಗಿ ಬಂದು ಈ ಶಾಖೆ ಹಿಡಿದವರಿಗಾಗಿ, ನಾನು ಮಾಡುತ್ತಿದ್ದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಕಾಗದಕ್ಕೆ ಸರಿಯಾದ ಹೆಸರಿಡಿ

ಒಬ್ಬ ನೌಕರನನ್ನು ಇಲ್ಲಿಂದ ಅಲ್ಲಿಗೆ ಕಳಿಸುವ ದಾರಿ ಐದಾರು ಇವೆ. ಬಾಯಲ್ಲಿ ಎಲ್ಲದಕ್ಕೂ 'ಡೆಪ್ಯುಟೇಶನ್' ಅನ್ನುತ್ತೇವೆ. ಫೈಲಿನಲ್ಲಿ ಹಾಗೆ ಬರೆದರೆ ಮುಂದೆ ಸಂಬಳ, ಭತ್ಯೆ, ಜ್ಯೇಷ್ಠತೆ ಎಲ್ಲ ಗೋಜಲಾಗುತ್ತದೆ.

ವರ್ಗಾವಣೆ ಅಂದರೆ ಹುದ್ದೆಯೇ ಬದಲು. ಸಂಬಳ ಹೊಸ ಜಾಗದಿಂದ. ಇದರಲ್ಲೂ ಸಾರ್ವಜನಿಕ ಹಿತದೃಷ್ಟಿಯಿಂದ ಆದದ್ದು ಬೇರೆ, ಸ್ವಂತ ಕೋರಿಕೆಯಿಂದ ಆದದ್ದು ಬೇರೆ. ಕೋರಿಕೆ ಮೇಲೆ ಹೋದವರಿಗೆ ವರ್ಗಾವಣೆ ಭತ್ಯೆ ಸಿಗುವುದಿಲ್ಲ. ಅರ್ಜಿ ಬರೆಯುವ ದಿನವೇ ಅವರಿಗೆ ಇದನ್ನು ಹೇಳಿಬಿಡಿ. ಆಮೇಲೆ ಟಿ.ಎ. ಬಿಲ್ಲು ಹಿಡಿದು ಬಂದು ಮುಖ ಸಣ್ಣ ಮಾಡಿಕೊಳ್ಳುವುದು ತಪ್ಪುತ್ತದೆ.

ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ ಕಳಿಸುವುದು. ಹುದ್ದೆ, ಸಂಬಳ ಎರಡೂ ಮೂಲ ಜೈಲಿನಲ್ಲೇ ಉಳಿಯುತ್ತವೆ, ಕೆಲಸ ಮಾತ್ರ ಬೇರೆ ಕಡೆ. ಎರವಲು ಸೇವೆ ಅಂದರೆ ಬೇರೆ ಇಲಾಖೆಗೋ ನಿಗಮಕ್ಕೋ ಷರತ್ತಿನ ಮೇಲೆ ಕೊಡುವುದು. ಅದು ನಿಮ್ಮ ಕಚೇರಿಯ ಮಟ್ಟದಲ್ಲಿ ತೀರ್ಮಾನ ಆಗುವ ಮಾತಲ್ಲ. ಇನ್ನು ಪ್ರಭಾರ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೇ ನಿಯಮದಡಿ ಮೇಲಿನ ಹುದ್ದೆಯ ಪ್ರಭಾರ ಕೊಡುವುದುಂಟು, 68ನೇ ನಿಯಮದಡಿ ತನ್ನ ಹುದ್ದೆಯ ಜೊತೆಗೆ ಇನ್ನೊಂದು ಹುದ್ದೆ ಹೊರಿಸುವುದುಂಟು. ಯಾವ ನಿಯಮ ಅಂತ ಆದೇಶದಲ್ಲಿ ಬರೆಯದಿದ್ದರೆ ಪ್ರಭಾರ ಭತ್ಯೆಯ ಬಿಲ್ಲು ಖಜಾನೆಯಿಂದ ವಾಪಸ್ ಬರುತ್ತದೆ.

ಕೊನೆಗೆ ಒಳಬದಲಾವಣೆ. ಗೇಟಿನಿಂದ ಗೋಪುರಕ್ಕೆ, ಅಡುಗೆಮನೆಯಿಂದ ಬ್ಯಾರಕ್ಕಿಗೆ. ಇದಕ್ಕೆ ದೊಡ್ಡ ಆದೇಶ ಬೇಡ, ರೋಸ್ಟರ್ ಸಾಕು. ಆದರೆ ಅರ್ಧ ಸಮಸ್ಯೆಗಳಿಗೆ ಮದ್ದು ಇದರಲ್ಲೇ ಇದೆ. ಸಂದರ್ಶನ ಕೊಠಡಿಯಲ್ಲೋ ಮುಖ್ಯ ಗೇಟಿನಲ್ಲೋ ಒಬ್ಬನೇ ವರ್ಷಗಟ್ಟಲೆ ಕೂತರೆ ಬೀಡಿ, ಗಾಂಜಾ, ಮೊಬೈಲು ಒಳಗೆ ಬರಲು ಹಾದಿ ಆಗುತ್ತದೆ. ಎಲ್ಲರೂ ಕೆಟ್ಟವರು ಅಂತಲ್ಲ. ಒಂದೇ ಜಾಗದಲ್ಲಿ ಬಹಳ ದಿನ ಕೂತವನ ಮೇಲೆ ಹೊರಗಿನ ಒತ್ತಡವೂ ಜಾಸ್ತಿ. ನಾನು ಕಂಡಂತೆ, ಗೇಟು, ಸಂದರ್ಶನ, ಉಗ್ರಾಣ ಈ ಮೂರನ್ನು ಮೂರು ತಿಂಗಳಿಗೊಮ್ಮೆ ಬದಲಿಸಿದ ಅಧಿಕಾರಿಗಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ.

ಪಾಯಿಂಟ್ ಲೆಕ್ಕ

ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಅನ್ನುವ ಪಟ್ಟಿ ಪ್ರತಿ ಕಚೇರಿಯಲ್ಲೂ ಇರುತ್ತದೆ. ಅದನ್ನು ನಂಬಿ ಕೂತರೆ ಮೋಸ ಹೋಗುತ್ತೀರಿ. ಬೇಕಾದದ್ದು ಡ್ಯೂಟಿ ಪಾಯಿಂಟ್ ಪಟ್ಟಿ.

ಲೆಕ್ಕ ಹೀಗೆ. ದಿನದ 24 ತಾಸೂ ಒಬ್ಬರು ನಿಲ್ಲಲೇಬೇಕಾದ ಒಂದು ಪಾಯಿಂಟ್ ಇದೆ ಅಂದುಕೊಳ್ಳಿ. 8 ತಾಸಿನ 3 ಪಾಳಿ. ವರ್ಷಕ್ಕೆ 1,095 ಪಾಳಿ. ಒಬ್ಬ ವೀಕ್ಷಕ ವರ್ಷದಲ್ಲಿ ಎಷ್ಟು ಪಾಳಿ ಮಾಡಬಲ್ಲ? 365ರಲ್ಲಿ 52 ವಾರದ ರಜೆ ತೆಗೆಯಿರಿ, ಗಳಿಕೆ ರಜೆ 30 ತೆಗೆಯಿರಿ, ಜ್ವರ-ಮದುವೆ-ಮರಣ ಅಂತ ಇನ್ನೊಂದು 10 ತೆಗೆಯಿರಿ. ಉಳಿದದ್ದು 273. ಅಂದರೆ ಒಂದು ಪಾಯಿಂಟಿಗೆ ನಾಲ್ಕು ಜನ ಬೇಕು. ಮೂರು ಅಲ್ಲ.

ಈಗ ಆರು ಪಾಯಿಂಟುಗಳ ಒಂದು ಸಣ್ಣ ಜೈಲು ಇದೆ ಅನ್ನಿ. ಬೇಕಾದದ್ದು 24 ಜನ. ಕಾಗದದ ಮೇಲೆ 18 ಜನ ಇದ್ದಾರೆ. ಅದರಲ್ಲಿ ಇಬ್ಬರು ಓಓಡಿ, ಒಬ್ಬ ತರಬೇತಿಯಲ್ಲಿ, ಒಬ್ಬ ಆಪರೇಶನ್ ಮಾಡಿಸಿಕೊಂಡು ಮನೆಯಲ್ಲಿ. ನಿಜವಾಗಿ ಬೂಟು ಹಾಕಿಕೊಂಡು ನಿಲ್ಲುವವರು 14. ಇವರಿಂದ ಎಂಟು ತಾಸಿನ ಪಾಳಿಯಲ್ಲಿ ಮೂರೂವರೆ ಪಾಯಿಂಟ್ ನಡೆಸಬಹುದು, ಅಷ್ಟೆ. ಸರಿ, 12 ತಾಸಿನ ಪಾಳಿ ಮಾಡೋಣ ಅಂದರೂ ವರ್ಷಕ್ಕೆ 4,380 ಪಾಳಿ ಬೇಕು, 14 ಜನರಿಂದ ಬರುವುದು 3,822. ಉಳಿದ 558 ಎಲ್ಲಿಂದ ಬರುತ್ತವೆ? ಅವರ ವಾರದ ರಜೆಯಿಂದ ಬರುತ್ತವೆ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗದ ಅಪ್ಪ, ರೊಟ್ಟಿ ಬುತ್ತಿ ಬಿಚ್ಚದೆ ಗೋಪುರದಲ್ಲೇ ತೂಕಡಿಸುವ ಕಾವಲುಗಾರ, ಇವರೆಲ್ಲ ಆ 558ರಲ್ಲಿ ಇದ್ದಾರೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಧೀಕ್ಷಕರ ಮೇಜಿನ ಗಾಜಿನ ಕೆಳಗೆ ಇಡಿ. ಮೇಲಿನಿಂದ "ಇಬ್ಬರನ್ನು ಕಳಿಸಿ" ಅಂತ ಫೋನ್ ಬಂದಾಗ ಅವರು ಹೇಳಬೇಕಾದ ಉತ್ತರ ಅದರಲ್ಲೇ ಇರುತ್ತದೆ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ. ಪತ್ರ ಬರೆಯುವಾಗ ಅದನ್ನೂ ಸೇರಿಸಿ. ಆದರೆ ಮೇಲಧಿಕಾರಿಗೆ ಬೇಗ ತಟ್ಟುವುದು "ಯಾದಗಿರಿಯಲ್ಲಿ ಇವತ್ತು ರಾತ್ರಿ ಹಿಂದಿನ ಗೋಪುರಕ್ಕೆ ಜನ ಇಲ್ಲ" ಅನ್ನುವ ಒಂದು ಸಾಲು.

ಮಾರ್ಚ್‌ನಲ್ಲೇ ಪಟ್ಟಿ ಮಾಡಿ

ಸಾರ್ವತ್ರಿಕ ವರ್ಗಾವಣೆ ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ 7-6-2013ರ ಮಾರ್ಗಸೂಚಿ ಇದಕ್ಕೆ ಬುಡ. ಪ್ರತಿ ವರ್ಷದ ಆದೇಶ ಅದರ ಮೇಲೆ ನಿಂತಿರುತ್ತದೆ. ಗ್ರೂಪ್ ಸಿ ನೌಕರರಿಗೆ ಒಂದು ಸ್ಥಳದಲ್ಲಿ ಕನಿಷ್ಠ 4 ವರ್ಷ, ಗ್ರೂಪ್ ಡಿಗೆ 7 ವರ್ಷ ಅನ್ನುವುದು ಅದರಲ್ಲೇ ಬಂದದ್ದು. ಆಯಾ ವರ್ಷ ಶೇಕಡಾ ಎಷ್ಟು ಜನರನ್ನು ಬದಲಿಸಬಹುದು, ಕೊನೆಯ ದಿನ ಯಾವುದು ಅನ್ನುವುದನ್ನು ಆ ವರ್ಷದ ಆದೇಶದಲ್ಲೇ ಓದಿ. ಹೋದ ವರ್ಷದ ಪ್ರತಿ ನೋಡಿ ಕೆಲಸ ಮಾಡಬೇಡಿ.

ನಾನು ಮಾರ್ಚ್ ಮೊದಲ ವಾರ ಒಂದು ತಖ್ತೆ ಮಾಡುತ್ತಿದ್ದೆ. ಹೆಸರು, ಈ ಜೈಲಿಗೆ ಬಂದ ದಿನ, ನಿವೃತ್ತಿ ದಿನ, ಗಂಡ-ಹೆಂಡತಿ ಇಬ್ಬರೂ ನೌಕರರೇ, ಅಂಗವೈಕಲ್ಯ ಅಥವಾ ದೊಡ್ಡ ಕಾಯಿಲೆ, ಮಕ್ಕಳು ಎಸ್ಸೆಸ್ಸೆಲ್ಸಿ-ಪಿಯುಸಿಯಲ್ಲಿದ್ದಾರೆಯೇ, ಗೊತ್ತಿರುವ ಭಾಷೆಗಳು. ಇನ್ನೊಂದು ಕಾಲಂ: ಈ ಜೈಲಿನಲ್ಲಿ ಇವರ ರಕ್ತ ಸಂಬಂಧಿ ಯಾರಾದರೂ ಬಂದಿಯಾಗಿದ್ದಾರೆಯೇ? ಸಣ್ಣ ಜಿಲ್ಲೆಗಳಲ್ಲಿ ಇದು ಅಪರೂಪವಲ್ಲ. ಕಾಕಾನ ಮಗನೇ ಬ್ಯಾರಕ್ಕಿನಲ್ಲಿ ಇರುತ್ತಾನೆ. ಬರವಣಿಗೆಯಲ್ಲಿ ತಿಳಿಸಿದರೆ ಅದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು ಅಂತ ಸಿಬ್ಬಂದಿಗೆ ಮೊದಲೇ ಹೇಳಿ.

ಭಾಷೆಯ ಕಾಲಂ ಯಾಕೆ ಅಂತ ಬೆಂಗಳೂರಿನವರು ಕೇಳುತ್ತಾರೆ. ಬೀದರ್ ಕಡೆ ಬಂದಿಗಳ ಬಾಯಲ್ಲಿ ಮರಾಠಿ, ಉರ್ದು, ತೆಲುಗು ಎಲ್ಲ ಇರುತ್ತದೆ. ಯಾದಗಿರಿ ಕಡೆ ತಾಂಡಾಗಳಿಂದ ಬಂದವರು ತಮ್ಮೊಳಗೆ ಲಂಬಾಣಿಯಲ್ಲಿ ಮಾತಾಡುತ್ತಾರೆ. ರಾತ್ರಿ ಎರಡಕ್ಕೆ ಬ್ಯಾರಕ್ಕಿನಲ್ಲಿ ಜಗಳ ಶುರುವಾದರೆ ಅದು ತಮಾಷೆಯೋ ಹೊಡೆದಾಟವೋ ಅಂತ ಗೊತ್ತಾಗಲು ಮಾತು ತಿಳಿಯಬೇಕಲ್ವಾ? ಪಾಳಿಗೆ ಒಬ್ಬರಾದರೂ ಅಂಥವರು ಇರುವ ಹಾಗೆ ಪಟ್ಟಿ ಹೆಣೆಯಿರಿ.

371ಜೆ ಕಲಂ ಬಗ್ಗೆಯೂ ಇಲ್ಲೇ ಹೇಳಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಈ ಕಲಂ ಸಂವಿಧಾನದ 98ನೇ ತಿದ್ದುಪಡಿಯಿಂದ (2012ರ ಕಾಯ್ದೆ) ಬಂದದ್ದು. ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ನೇಮಕಾತಿಯ ಶೇಕಡಾ 80, ಗ್ರೂಪ್ ಡಿಯ ಶೇಕಡಾ 85 ಸ್ಥಳೀಯರಿಗೆ ಮೀಸಲು. ಹಾಗಾಗಿ ಪ್ರತಿಯೊಬ್ಬರ ಸೇವಾ ಪುಸ್ತಕದಲ್ಲಿ ಅವರು ಸ್ಥಳೀಯ ವೃಂದದವರೋ ಉಳಿಕೆ ಮೂಲ ವೃಂದದವರೋ (ರಾಜ್ಯದ ಉಳಿದ ಭಾಗದ ವೃಂದ) ಅಂತ ನೋಡಿ ತಖ್ತೆಯಲ್ಲಿ ಬರೆಯಿರಿ. ವೃಂದ ಮೀರಿದ ವರ್ಗಾವಣೆಯ ಪ್ರಸ್ತಾವ ಕಳಿಸಿ ಆಮೇಲೆ ಆದೇಶ ರದ್ದಾಗಿ ಬಂದರೆ, ಅಷ್ಟರಲ್ಲಿ ಆ ನೌಕರ ಮನೆ ಖಾಲಿ ಮಾಡಿ ಸಾಮಾನು ಲಾರಿಗೆ ಹೇರಿರುತ್ತಾನೆ.

ಶಿಫಾರಸು ಪತ್ರ ಬಂದೇ ಬರುತ್ತದೆ. ಅದನ್ನು ಫೈಲಿಗೆ ಹಾಕಿ, ಇಲಾಖೆಯ ಮೂಲಕ ಅರ್ಜಿ ಕೊಡಲು ಆ ನೌಕರನಿಗೇ ಹೇಳಿ. ಸೇವಾ ವಿಷಯದಲ್ಲಿ ಹೊರಗಿನ ಪ್ರಭಾವ ತರುವುದು ನಡತೆ ನಿಯಮಗಳ ಪ್ರಕಾರವೇ ತಪ್ಪು. ಹೀಗೆ ಹೇಳುವಾಗ ಕೆಲವರು ನನ್ನನ್ನು ನೋಡಿ ನಕ್ಕಿದ್ದಾರೆ. ನಗಲಿ ಬಿಡಿ.

ಆದೇಶ ಬಂದ ದಿನ

ಮೊದಲ ತಾಸಿನಲ್ಲಿ ಮಾಡಬೇಕಾದದ್ದು ಇಷ್ಟೇ. ಆದೇಶದ ಹೆಸರು, ಪದನಾಮ, ಮೆಟಲ್ ಸಂಖ್ಯೆ (ಬಿಲ್ಲೆ ನಂಬರು) ನಿಮ್ಮ ದಾಖಲೆಗೆ ತಾಳೆ ಇದೆಯೇ ನೋಡಿ. ಒಂದೇ ಹೆಸರಿನ ಇಬ್ಬರು ಶರಣಪ್ಪ, ಇಬ್ಬರು ಮಹಿಬೂಬ್ ಇರುವ ಜೈಲು ನಮ್ಮದು. ತೋರಿಸಿದ ಜಾಗ ನಿಜವಾಗಿ ಖಾಲಿ ಇದೆಯೇ ಅಂತ ಎದುರು ಜೈಲಿನ ಶಾಖೆಗೆ ಫೋನ್ ಮಾಡಿ. 'ತಕ್ಷಣ' ಅಂದರೆ ಯಾವಾಗ, 'ಬದಲಿ ಬಂದ ಮೇಲೆ' ಅಂತ ಏನಾದರೂ ಇದೆಯೇ ಓದಿ.

ಬದಲಿ ಬರುವ ತನಕ ಬಿಡುವುದಿಲ್ಲ ಅಂತ ಹಟ ಹಿಡಿಯುವ ಅಧಿಕಾರಿಗಳಿದ್ದಾರೆ. ಆದೇಶ ಬಂದ ತಕ್ಷಣ ಎಲ್ಲರನ್ನೂ ಒಂದೇ ದಿನ ಬಿಟ್ಟುಬಿಡುವವರೂ ಇದ್ದಾರೆ. ಎರಡೂ ಸರಿಯಲ್ಲ. ಆದೇಶವನ್ನು ತಡೆಹಿಡಿಯುವ ಅಧಿಕಾರ ನಿಮಗಿಲ್ಲ. ಆದರೆ ಸಿಬ್ಬಂದಿಯ ಬಿಡುಗಡೆಯನ್ನು (ರಿಲೀವ್) ಹಂತ ಹಂತವಾಗಿ ಮಾಡುತ್ತೇವೆ ಅಂತ ಕಾರಣ, ತಾರೀಖು ಎರಡೂ ಬರೆದು ಅದೇ ದಿನ ಮೇಲ್ ಹಾಕಬಹುದು. "ಇಬ್ಬರು 3ನೇ ತಾರೀಖು, ಇಬ್ಬರು 10ನೇ ತಾರೀಖು" ಅಂತ ತಾರೀಖು ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. "ಬದಲಿ ಬಂದ ನಂತರ" ಅಂತ ಬರೆದರೆ ಯಾರೂ ಒಪ್ಪುವುದಿಲ್ಲ. ಒಪ್ಪಬಾರದೂ ಕೂಡ.

"ಬದ್ಲಿ ಬರ್ಲಿ, ಸ್ವಲ್ಪ ತಡೀರಿ."
"ಎಲ್ಲಿ ಬರ್ತಾರ್ರೀ ಸರ್, ಮೂರ್ ತಿಂಗ್ಳಾತು ಹಿಂಗೇ ಅಂಬಾಕತ್ತೀರಿ."

ಈ ಮಾತು ಕೇಳಿಸಿಕೊಂಡ ದಿನವೇ ನಾನು ತಾರೀಖು ಹಾಕದೆ ಟಿಪ್ಪಣಿ ಬರೆಯುವುದನ್ನು ಬಿಟ್ಟೆ.

ಬಿಡುಗಡೆ ಆದೇಶ ಬೆಳಿಗ್ಗೆ ಪಾಳಿ ಮುಗಿಯುವ ಹೊತ್ತಿಗೆ ಕೈಗೆ ಕೊಡಿ, ಸಂಜೆ ಬಂದಿಗಳನ್ನು ಬ್ಯಾರಕ್ಕಿಗೆ ಸೇರಿಸಿ ಬೀಗ ಹಾಕುವ ಲಾಕಪ್ ಹೊತ್ತಿಗಲ್ಲ. ಏಪ್ರಿಲ್-ಮೇಯಲ್ಲಿ ಅಂತೂ 1.30ಕ್ಕೆ ಕಚೇರಿ ಬಾಗಿಲು ಹಾಕುತ್ತಾರೆ, ಖಜಾನೆಯಲ್ಲೂ ಯಾರೂ ಸಿಗುವುದಿಲ್ಲ. ರಾತ್ರಿ ಪಾಳಿ ಮಾಡಿ ಬಂದವನನ್ನು ಅದೇ ಬೆಳಿಗ್ಗೆ ರಿಲೀವ್ ಮಾಡಿ ಬಸ್ಸು ಹತ್ತಿಸಬೇಡಿ. ಒಂದು ದಿನ ನಿದ್ದೆಗೆ ಬಿಡಿ.

ಚಾರ್ಜ್: ಇಲ್ಲಿ ಅವಸರ ಬೇಡ

ಚಾರ್ಜ್ ಅಂದರೆ ಹೋಗುವವರು ತಮ್ಮ ಹೊಣೆಯನ್ನು ಒಪ್ಪಿಸಿ ಹೋಗುವುದು. ವೀಕ್ಷಕರ ಚಾರ್ಜ್ ಸಣ್ಣದು. ಸಮವಸ್ತ್ರ, ಲಾಠಿ, ಸೀಟಿ, ಗುರುತಿನ ಚೀಟಿ, ವಸತಿಗೃಹದ ಕೀಲಿ, ನೀರು-ವಿದ್ಯುತ್ ಬಾಕಿ, ಸೊಸೈಟಿ ಸಾಲ. ಬಂದೂಕಿನ ಡ್ಯೂಟಿ ಇದ್ದರೆ ಬಂದೂಕಿನ ನಂಬರು ಮತ್ತು ಗುಂಡುಗಳ ಎಣಿಕೆ ಇಬ್ಬರ ಮುಂದೆ ಆಗಬೇಕು. ಅದೇ ದಿನ ಇ-ಪ್ರಿಸನ್ಸ್ (ಬಂದಿಗಳ ದಾಖಲೆ ಇಡುವ ತಂತ್ರಾಂಶ) ಲಾಗಿನ್ ಇದ್ದರೆ ಮುಚ್ಚಿಸಿ. ಹೋದವರ ಪಾಸ್‌ವರ್ಡಿನಲ್ಲೇ ಆರು ತಿಂಗಳು ಕೆಲಸ ನಡೆಸಿದ ಜೈಲುಗಳನ್ನು ಬಲ್ಲೆ. ಏನಾದರೂ ಎಡವಟ್ಟಾದರೆ ಬೀದರ್‌ನಲ್ಲಿ ಕೂತವನು ಕಲಬುರಗಿಯ ತಪ್ಪಿಗೆ ಉತ್ತರ ಕೊಡಬೇಕು.

ಜೈಲರ್, ಸಹಾಯಕ ಜೈಲರ್ ಚಾರ್ಜ್ ಹಾಗಲ್ಲ. ಸಿಟಿಸಿಗೆ (ಪ್ರಭಾರ ಹಸ್ತಾಂತರದ ಪ್ರಮಾಣಪತ್ರ) ಇಬ್ಬರೂ ಸಹಿ ಹಾಕಿದರೆ ಕಾಗದದ ಕೆಲಸ ಮುಗಿಯಿತು. ನಿಜವಾದ ಚಾರ್ಜ್ ಇರುವುದು ಬೇರೆ ಕಡೆ. ನನ್ನ ತಪ್ಪೊಂದನ್ನು ಹೇಳಿದರೆ ಗೊತ್ತಾಗುತ್ತದೆ.

ಒಂದು ಜೈಲಿನಲ್ಲಿ ಸಹಾಯಕ ಜೈಲರ್ ಒಬ್ಬರನ್ನು ಸಂಜೆ ಐದಕ್ಕೆ ರಿಲೀವ್ ಮಾಡಿದೆವು. ಆದೇಶ ಟೈಪ್ ಮಾಡಿದವನು ನಾನೇ. ಅವರ ರೈಲು ಏಳಕ್ಕೆ. ಬಂದವರು ಹೊಸಬರು. ಒಂದು ತಾಲ್ಲೂಕು ಕೋರ್ಟಿನ ಬಿಡುಗಡೆ ಆದೇಶ ಅಂದೇ ಮಧ್ಯಾಹ್ನ ಬಂದು, ಹೋಗುವವರ ಟ್ರೇನಲ್ಲಿ ಬೇರೆ ಕಾಗದಗಳ ಕೆಳಗೆ ಉಳಿದಿತ್ತು. ಅವರು ಹೇಳಲು ಮರೆತರು, ಇವರಿಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಬಿಡುಗಡೆಯಾಗಬೇಕಿದ್ದ ಮನುಷ್ಯ ಇನ್ನೂ ಎರಡು ರಾತ್ರಿ ಒಳಗೇ ಮಲಗಿದ. ಅವನ ಹೆಂಡತಿ ಎರಡು ದಿನವೂ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳಂತೆ. ಸಿಟಿಸಿ ಮಾತ್ರ ಅಚ್ಚುಕಟ್ಟಾಗಿತ್ತು.

ಅಲ್ಲಿಂದ ಮುಂದೆ ನಾನು ಜೈಲರ್ ಮಟ್ಟದ ಚಾರ್ಜಿಗೆ ಒಂದು ಬೇರೆ ಪಟ್ಟಿ ಇಟ್ಟೆ. ನೀವೂ ಇಡಿ.

ಮೊದಲು ತಲೆಗಳು. ಬಂದಿಗಳ ಎಣಿಕೆಯನ್ನು ರಿಜಿಸ್ಟರಿನಿಂದಲ್ಲ, ಲಾಕಪ್ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ನಡೆದು ಮಾಡಬೇಕು. ಆಸ್ಪತ್ರೆಯಲ್ಲಿ ಇರುವವರೂ ಸೇರಿ. ಕಲಬುರಗಿಯ ಜಿಮ್ಸ್‌ನಲ್ಲೋ ಬೀದರ್‌ನ ಬ್ರಿಮ್ಸ್‌ನಲ್ಲೋ ದಾಖಲಾದವರು ಎಷ್ಟು, ಕಾವಲಿಗೆ ಯಾರಿದ್ದಾರೆ ಅಂತ ಅಂದೇ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ತಾರೀಖುಗಳು. ಬಂದಿಗಳ ಬಿಡುಗಡೆ ಡೈರಿಯ ಮುಂದಿನ 30 ದಿನದ ಪುಟಗಳನ್ನು ಇಬ್ಬರೂ ಕೂತು ಓದಬೇಕು. ಕೋರ್ಟಿಗೆ ಹಾಜರುಪಡಿಸುವ ದಿನಗಳು ವಾರಂಟಿನ ಜೊತೆ ತಾಳೆಯಾಗಬೇಕು. ಅರ್ಜಿ ಹಾಕಬೇಕಾದ ವಿಚಾರಣಾಧೀನರ ಪಟ್ಟಿ ಬೇರೆ. 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧ ಅವಧಿ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಒಳಗೇ ಕಳೆದವರ ಬಗ್ಗೆ ಜೈಲು ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯಾಗಬಲ್ಲ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗೆಯೇ ಜಾಮೀನು ಸಿಕ್ಕರೂ ಬಾಂಡು ಕೊಡಲಾಗದೆ ಉಳಿದವರು. ಜಾಮೀನು ಆಗಿ ಏಳು ದಿನದೊಳಗೆ ಹೊರಗೆ ಹೋಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅಧಿಕಾರಿ ಬದಲಾದ ವಾರದಲ್ಲೇ ಈ ಏಳು ದಿನ ತಪ್ಪಿಹೋಗುವುದು.

ದುಡ್ಡು, ದಾಸ್ತಾನು. ಬಂದಿಗಳ ಖಾಸಗಿ ನಗದು ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆ. ಉಂಗುರ, ವಾಚು, ಫೋನು ಲಕೋಟೆ ಲಕೋಟೆಯಾಗಿ. ಉಗ್ರಾಣದ ಜೋಳ, ಅಕ್ಕಿ, ಬೇಳೆ ತೂಕ ಮಾಡಿಯೇ ಸಹಿ. "ಇರಲಿ ಬಿಡ್ರಿ, ನಂಬಿಕಿ ಇಲ್ಲೇನು" ಅನ್ನುತ್ತಾರೆ. ನಂಬಿಕೆ ಇದೆ, ತೂಕವೂ ಇರಲಿ ಅನ್ನಿ.

ಕೊನೆಯದು ಯಾವ ರಿಜಿಸ್ಟರಿನಲ್ಲೂ ಇಲ್ಲದ್ದು. ಯಾರ ಜೊತೆ ಯಾರನ್ನು ಹಾಕಬಾರದು. ಯಾವ ಬಂದಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಯಾರು ಹೋದ ತಿಂಗಳು ಕುತ್ತಿಗೆಗೆ ಪಂಚೆ ಸುತ್ತಿಕೊಂಡಿದ್ದ. ಯಾರಿಗೆ ಕ್ಷಯದ ಮಾತ್ರೆ ತಪ್ಪಬಾರದು. ಯಾವ ಬ್ಯಾರಕ್ಕಿನ ಹಿಂಗೋಡೆಯ ಲೈಟು ಮಳೆ ಬಂದರೆ ಆರುತ್ತದೆ. ಇವನ್ನೆಲ್ಲ ಹೊರಡುವವರು ಒಂದು ಹಾಳೆಯಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿ ಹೊಸಬರ ಕೈಗೇ ಕೊಡಲಿ. ಅದಕ್ಕಿಂತ ಒಳ್ಳೆಯದು, ಎರಡು ಲಾಕಪ್ ಮತ್ತು ಎರಡು ಅನ್‌ಲಾಕ್ ಇಬ್ಬರೂ ಜೊತೆಗೆ ಮಾಡುವುದು. ಎರಡು ದಿನ ಇದಕ್ಕೆ ಹೋಗುತ್ತದೆ. ಎರಡು ದಿನ ತಡವಾಯಿತು ಅಂತ ಮೆಮೊ ಬಂದರೆ ಉತ್ತರ ಬರೆಯುವುದು ಸುಲಭ.

ಕೀಲಿಯ ಮಾತು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಗೊಂಚಲಿನ ಪ್ರತಿ ಕೀಲಿಯನ್ನು ಅದರ ಬೀಗಕ್ಕೆ ಹಾಕಿ ತಿರುಗಿಸಿ ನೋಡಿ. ಡೂಪ್ಲಿಕೇಟ್ ಕೀಲಿಗಳ ಪೆಟ್ಟಿಗೆಯ ಮೊಹರು ಕೂಡ ನೋಡಿ.

ಓಓಡಿ: ಹೋಗುವ ದಾರಿ ಸುಲಭ, ಬರುವ ದಾರಿ ಬರೆದಿಡಿ

ತಾತ್ಕಾಲಿಕವಾಗಿ ಕಳಿಸುವುದು ಬೇಡ ಅನ್ನಲಾಗದು. ಒಂದು ಜೈಲಿನಲ್ಲಿ ಗಲಾಟೆಯಾಗಿ ಬಂದಿಗಳನ್ನು ಇನ್ನೊಂದಕ್ಕೆ ಸಾಗಿಸಿದರೆ ಅಲ್ಲಿ ಜನ ಬೇಕು. ತರಬೇತಿಗೆ ವೆಲ್ಲೂರಿನ ಕಾರಾಗೃಹ ಆಡಳಿತ ಅಕಾಡೆಮಿಗೆ ಅಧಿಕಾರಿ ಹೋದರೆ ಅವರ ಕುರ್ಚಿಗೆ ಯಾರೋ ಬೇಕು. ಇವೆಲ್ಲ ನ್ಯಾಯವಾದ ಓಓಡಿ.

ತೊಂದರೆ ಮಾಡುವುದು ಮುಗಿಯದ ಓಓಡಿ. ಒಬ್ಬ ವೀಕ್ಷಕ ಕಂಪ್ಯೂಟರ್ ಚೆನ್ನಾಗಿ ಬಲ್ಲ ಅಂತ ಒಂದು ದೊಡ್ಡ ಕಚೇರಿಯವರು 'ಒಂದು ತಿಂಗಳ ಮಟ್ಟಿಗೆ' ಕರೆಸಿಕೊಂಡರು. ಮೂರು ವರ್ಷ ಆಯಿತು. ಸಂಬಳ ನಮ್ಮ ಜೈಲಿನಿಂದ, ಹೆಸರು ನಮ್ಮ ಹಾಜರಿಯಲ್ಲಿ. ಪ್ರತಿ ವರ್ಷ ಖಾಲಿ ಹುದ್ದೆಗಳ ಪಟ್ಟಿ ಕಳಿಸುವಾಗ ಆ ಹುದ್ದೆ ಭರ್ತಿ ಅಂತಲೇ ಹೋಗುತ್ತಿತ್ತು. ಹಾಗಾಗಿ ಬದಲಿ ಕೇಳಲೂ ದಾರಿ ಇಲ್ಲ. ಅವನ ಪಾಳಿ ಹೊತ್ತವರು ಅವನ ಮೇಲೆ ಸಿಟ್ಟಾದರು. ಅವನದೇನು ತಪ್ಪು?

ನನ್ನ ಕ್ರಮ ಇದು. ಅವಧಿ 30 ದಿನ ಮೀರಬಾರದು, ಬೇಕಾದರೆ ಹೊಸ ಆದೇಶ, ಆಗ ಹೊಸ ವ್ಯಕ್ತಿ. ಸರದಿಯ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಯಾರು ಹೋಗಿ ಬಂದರು, ಮುಂದಿನವರು ಯಾರು ಅಂತ ಎಲ್ಲರಿಗೂ ಕಾಣಲಿ. ಜೋರು ಮಾತಾಡದವರನ್ನೇ ಪದೇ ಪದೇ ಕಳಿಸುವ ಚಾಳಿ ಆಗ ನಿಲ್ಲುತ್ತದೆ. ಕೋರಿಕೆ ಬಾಯಿಮಾತಿನಲ್ಲಿ ಬಂದರೆ "ಆಯ್ತು ಸರ್, ಒಂದು ಮೇಲ್ ಹಾಕಿಸಿ" ಅನ್ನಿ. ಅರ್ಧ ಕೋರಿಕೆಗಳು ಅಲ್ಲಿಗೇ ಮುಗಿಯುತ್ತವೆ.

ಆದೇಶದ ಒಕ್ಕಣೆ ಹೀಗಿರಲಿ:

"ಈ ಕಾರಾಗೃಹದ ವೀಕ್ಷಕರಾದ ಶ್ರೀ ......... ಇವರನ್ನು ಆಡಳಿತದ ಅಗತ್ಯದ ಮೇರೆಗೆ ದಿನಾಂಕ ......... ರಿಂದ ......... ರವರೆಗೆ ಒಟ್ಟು ...... ದಿನಗಳ ಅವಧಿಗೆ ......... ಕಾರಾಗೃಹದಲ್ಲಿ ಅನ್ಯ ಕಾರ್ಯ ನಿಮಿತ್ತ ಕರ್ತವ್ಯ ನಿರ್ವಹಿಸಲು ಆದೇಶಿಸಿದೆ. ಇವರ ವೇತನವನ್ನು ಮೂಲ ಕಾರಾಗೃಹದಿಂದಲೇ ಸೆಳೆಯತಕ್ಕದ್ದು. ಹಾಜರಾತಿ ವರದಿಯನ್ನು ಪ್ರತಿ ತಿಂಗಳ 20ರೊಳಗೆ ಈ ಕಚೇರಿಗೆ ಕಳುಹಿಸತಕ್ಕದ್ದು. ಅವಧಿ ಮುಗಿದ ಮರುದಿನ ಇವರು ಬೇರೆ ಆದೇಶಕ್ಕೆ ಕಾಯದೆ ಮೂಲ ಕಾರಾಗೃಹದಲ್ಲಿ ಹಾಜರಾಗತಕ್ಕದ್ದು."

ಕೊನೆಯ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಅಲ್ಲಿನವರು "ನಿಮ್ಮ ಆದೇಶ ಬರಲಿ" ಅನ್ನುತ್ತಾರೆ, ಇಲ್ಲಿನವರು "ಅವರು ಬಿಡಲಿ" ಅನ್ನುತ್ತಾರೆ. ನಡುವೆ ನೌಕರ ಲಾಡ್ಜಿನಲ್ಲಿ ಕೂತಿರುತ್ತಾನೆ.

ಓಓಡಿ ರಿಜಿಸ್ಟರ್ ಬೇರೆ ಇಡಿ. ಹೋದ ದಿನ, ಬರಬೇಕಾದ ದಿನ, ಬಂದ ದಿನ. ತಿಂಗಳ ಮೊದಲ ತಾರೀಖು 'ಬಂದ ದಿನ' ಖಾಲಿ ಇರುವ ಸಾಲುಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಅಧೀಕ್ಷಕರಿಗೆ ತೋರಿಸಿ.

ದೂರದ ಲೆಕ್ಕವನ್ನೂ ನೋಡಿ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ, ಯಾದಗಿರಿಗಂತೂ ಮುಂಬೈ-ಚೆನ್ನೈ ಮಾರ್ಗದ ಗಾಡಿಗಳು ಹಿಂದಿನಿಂದಲೂ ಇರುವುದರಿಂದ, ಬಹಳ ಜನ ಮನೆ ಬದಲಿಸದೆ ಅಪ್-ಡೌನ್ ಮಾಡುತ್ತಾರೆ. ಬೇಡ ಅನ್ನುವುದು ಕಷ್ಟ. ಆದರೆ ಅವರನ್ನು ಅಲಾರಂ ಹೊಡೆದಾಗ ಓಡಿ ಬರಬೇಕಾದ ಮೀಸಲು ಪಟ್ಟಿಯಲ್ಲಿ ಸೇರಿಸಬೇಡಿ. ಬರೆದ ಹೆಸರು ವಾಡಿ ಜಂಕ್ಷನ್ನಿನಲ್ಲಿ ಚಹಾ ಕುಡಿಯುತ್ತಿದ್ದರೆ ಪಟ್ಟಿಯಿಂದ ಏನು ಉಪಯೋಗ?

ಮಹಿಳಾ ಸಿಬ್ಬಂದಿ

ಸಣ್ಣ ಜೈಲುಗಳಲ್ಲಿ ಇದು ಯಾವಾಗಲೂ ಬಿಗಿ. ಮಹಿಳಾ ಸಿಬ್ಬಂದಿ ಜೊತೆಗಿಲ್ಲದೆ ಮಹಿಳಾ ವಿಭಾಗದೊಳಗೆ ಪುರುಷ ಸಿಬ್ಬಂದಿ ಹೋಗುವಂತಿಲ್ಲ. ಅಲ್ಲಿ ಒಬ್ಬಳೇ ಒಬ್ಬಳು ಮಹಿಳಾ ಬಂದಿ ಇದ್ದರೂ ಮೂರು ಪಾಳಿಗೂ ಮಹಿಳೆಯರು ಬೇಕು. ಒಬ್ಬರು 180 ದಿನದ ಹೆರಿಗೆ ರಜೆಗೆ ಹೋದರೆ ಉಳಿದವರ ಮೇಲೆ ಪೂರ್ತಿ ಭಾರ. ರಜೆ ಅರ್ಜಿ ಬಂದ ದಿನವೇ ಕೇಂದ್ರ ಕಾರಾಗೃಹಕ್ಕೆ ಬರೆಯಿರಿ, ಹೆರಿಗೆ ಹತ್ತಿರ ಬಂದಾಗಲ್ಲ. ಆರು ತಿಂಗಳಿಗೆ ಒಬ್ಬರನ್ನೇ ಕಳಿಸುವ ಬದಲು ತಿಂಗಳಿಗೊಬ್ಬರಂತೆ ಆರು ಜನರ ಸರದಿ ಕೇಳಿ. ಬರುವ ಅಕ್ಕಂದಿರಿಗೆ ಉಳಿದುಕೊಳ್ಳಲು ಬಾಗಿಲು ಸರಿಯಾಗಿ ಹಾಕುವ ಕೋಣೆ, ನೀರು, ಶೌಚಾಲಯ ಇದೆಯೇ ಅಂತ ಮೊದಲೇ ಹೋಗಿ ನೋಡಿ. ಇಷ್ಟು ಮಾಡಿದರೆ ಓಓಡಿಗೆ ಒಲ್ಲೆ ಅನ್ನುವವರು ಕಡಿಮೆ.

ಬಂದವರಿಗೆ ಮೊದಲ ವಾರ

ಹಾಜರಾದ ದಿನವೇ ರಾತ್ರಿ ಗೋಪುರಕ್ಕೆ ಹತ್ತಿಸಬೇಡಿ. ಮೂರು ದಿನ ಹಳಬರ ಜೊತೆ ಸುಮ್ನೆ ಸುತ್ತಾಡಲಿ. ಗೋಡೆ, ಬಾಗಿಲು, ಬಾವಿ, ಸ್ವಿಚ್ ಬೋರ್ಡು, ಬೆಂಕಿ ಆರಿಸುವ ಸಿಲಿಂಡರು ಎಲ್ಲಿವೆ ಅಂತ ತಿಳಿಯಲಿ. ಬೇಸಿಗೆಯಲ್ಲಿ ಮೈಸೂರು ಕಡೆಯಿಂದ ಬಂದವರಿಗೆ ಮಧ್ಯಾಹ್ನದ ಗೋಪುರ ಕೊಟ್ಟರೆ ಎರಡನೇ ದಿನವೇ ಮಲಗುತ್ತಾರೆ. ಮೊದಲೆರಡು ವಾರ ಬೆಳಿಗ್ಗೆಯ ಪಾಳಿ ಕೊಡಿ.

ತಕರಾರು ಬಂದರೆ

ವರ್ಗಾವಣೆ ಪ್ರಶ್ನಿಸಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುವವರಿದ್ದಾರೆ. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ತಡೆಯಾಜ್ಞೆ ತಂದರೆ ಮೊದಲು ನೋಡಬೇಕಾದದ್ದು ಒಂದೇ: ಆ ಹೊತ್ತಿಗೆ ಅವರು ರಿಲೀವ್ ಆಗಿದ್ದರೇ ಇಲ್ಲವೇ. ಅದಕ್ಕೇ ಬಿಡುಗಡೆ ಆದೇಶದಲ್ಲಿ ತಾರೀಖಿನ ಜೊತೆ ಪೂರ್ವಾಹ್ನವೋ ಅಪರಾಹ್ನವೋ ಅಂತ ಬರೆಯಬೇಕು, ಸ್ವೀಕೃತಿ ಸಹಿ ಇರಬೇಕು. ಸಹಿ ಮಾಡಲು ಒಲ್ಲೆ ಅಂದರೆ ಇಬ್ಬರು ಸಾಕ್ಷಿಗಳ ಮುಂದೆ ಟಿಪ್ಪಣಿ ಬರೆದು, ಸ್ಪೀಡ್ ಪೋಸ್ಟಿನಲ್ಲಿ ಮನೆ ವಿಳಾಸಕ್ಕೆ ಕಳಿಸಿ. ಹಿಂದಿನ ತಾರೀಖು ಹಾಕಿ ರಿಲೀವ್ ತೋರಿಸಲು ಯಾರು ಹೇಳಿದರೂ ಮಾಡಬೇಡಿ. ಗೇಟ್ ಪುಸ್ತಕದಲ್ಲಿ ಆ ಮನುಷ್ಯ ಒಳಗೆ ಬಂದು ಹೋದ ಸಮಯ ಇರುತ್ತದೆ.

ಸಂಬಳದ ಕಾಗದ

ರಿಲೀವ್ ಮಾಡಿದ ದಿನವೇ ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಬಿಡುಗಡೆ ನಮೂದಿಸಿ. ನೀವು ಬಿಡದೆ ಅಲ್ಲಿನ ಬಟವಾಡೆ ಅಧಿಕಾರಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಕೊನೆ ವೇತನ ಪ್ರಮಾಣಪತ್ರದಲ್ಲಿ (ಎಲ್‌ಪಿಸಿ) ಕೆಜಿಐಡಿ ವಿಮೆಯ ಕಂತು, ಎನ್‌ಪಿಎಸ್ ಸಂಖ್ಯೆ, ಹಬ್ಬದ ಮುಂಗಡದ ಉಳಿಕೆ, ಸೊಸೈಟಿ ಕಡಿತ ಎಲ್ಲ ಇರಲಿ. ಸೇವಾ ಪುಸ್ತಕದಲ್ಲಿ ರಜೆಯ ಲೆಕ್ಕ ಅವತ್ತಿನವರೆಗೆ ತುಂಬಿ, ಸಹಿ ಮಾಡಿಸಿ, ನೌಕರನ ಕೈಯಲ್ಲಿ ಕೊಡದೆ ಕಚೇರಿಯಿಂದ ಕಚೇರಿಗೆ ಕಳಿಸಿ.

ಬೀದರ್‌ಗೆ ವರ್ಗವಾದ ವೀಕ್ಷಕನೊಬ್ಬ ಎರಡು ತಿಂಗಳ ನಂತರ ಫೋನ್ ಮಾಡಿದ್ದ. ಸಂಬಳ ಆಗಿರಲಿಲ್ಲ. ಅಲ್ಲಿನವರು ಎಲ್‌ಪಿಸಿ ಬಂದಿಲ್ಲ ಅಂದರಂತೆ. ನಾನು ಕಳಿಸಿದ್ದೇನೆ ಅಂತ ಗಟ್ಟಿಯಾಗಿ ಹೇಳಿ ಫೋನ್ ಇಟ್ಟೆ. ಆಮೇಲೆ ಅನುಮಾನ ಬಂದು ಬೀರು ತೆಗೆದು ನೋಡಿದರೆ, ವಿಳಾಸ ಬರೆದು ಅಂಟಿಸಿದ ಲಕೋಟೆ ನನ್ನ ಹಾಜರಿ ಪುಸ್ತಕದ ಕೆಳಗೇ ಇತ್ತು. ಅವತ್ತೇ ಮಧ್ಯಾಹ್ನದ ಗಾಡಿಗೆ ಹೊರಟಿದ್ದ ಹುಡುಗನ ಕೈಯಲ್ಲಿ ಕೊಟ್ಟು, ಸ್ಕ್ಯಾನ್ ಮಾಡಿ ಮೇಲ್ ಕೂಡ ಹಾಕಿದೆ. ಅಂದಿನಿಂದ ರವಾನೆ ಪುಸ್ತಕದ ನಂಬರು ಬೀಳದ ಲಕೋಟೆಯನ್ನು ನಾನು 'ಕಳಿಸಿದ್ದೇನೆ' ಅನ್ನುವುದಿಲ್ಲ.